ಆಫಾನ ಒಡ್ಡು: ಲೇಖಕರಿಗೊಂದು ಉತ್ತರ

ಮಾನ್ಯರೇ,

ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಸೀಮೆಯಲ್ಲಿರುವ ಹಳೆಯ ಮಣ್ಣಿನ ದಿಬ್ಬ ಮತ್ತು ಕಂದಕವಾದ ‘ಆಫಾನ ಒಡ್ಡು’ ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಕಂದಕದ ತಳದಿಂದ ಮಣ್ಣಿನ ದಿಬ್ಬವನ್ನು ನೋಡುವ ಭಾಗ ಬಹಳ ಚೆನ್ನಾಗಿದೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು.

ತೊಡಕು ಮೊದಲ ವಾಕ್ಯದಲ್ಲೇ ಇದೆ. ವೇಲ್ಸಿನವರ ದಾಳಿ ತಡೆಯಲು ಇಂಗ್ಲೆಂಡಿನ ನಡುಭಾಗದಲ್ಲಿದ್ದ ಹಳೆಯ ರಾಜ್ಯ ಮರ್ಸಿಯಾದ ಅರಸ ಆಫಾ ಇದನ್ನು ಸಮುದ್ರದಿಂದ ಸಮುದ್ರದವರೆಗೆ ಕಟ್ಟಿಸಿದನೆಂದು ನೀವು ಖಚಿತವಾಗಿ ಬರೆದಿದ್ದೀರಿ. ಸಮುದ್ರದಿಂದ ಸಮುದ್ರಕ್ಕೆ ಎಂಬ ಮಾತು ಆಸ್ಸರ್ ಎಂಬ ವೇಲ್ಸಿನ ಧರ್ಮಗುರುವಿನದು. ಆತ ಆಲ್ಫ್ರೆಡ್ ಅರಸನ ಚರಿತ್ರೆ ಬರೆದದ್ದು 893ರ ಸುಮಾರಿಗೆ, ಅಂದರೆ 757ರಿಂದ 796ರವರೆಗೆ ಆಳಿದ ಆಫಾ ತೀರಿಕೊಂಡು ಹತ್ತಿರಹತ್ತಿರ ನೂರು ವರ್ಷವಾದ ಮೇಲೆ. ಅಷ್ಟಾಗಿಯೂ ಕಟ್ಟಿಸಿದ ಕಾರಣವನ್ನು ಆತ ಹೇಳುವುದಿಲ್ಲ. ದಾಳಿಯ ಮಾತು ನೀವು ಸೇರಿಸಿದ್ದು. ಉದ್ದದ ವಿಷಯವೂ ತೀರ್ಮಾನವಾಗಿಲ್ಲ. ಒಡ್ಡನ್ನು ದೀರ್ಘಕಾಲ ಅಧ್ಯಯನ ಮಾಡಿದ ಡೇವಿಡ್ ಹಿಲ್ ಮತ್ತು ಮಾರ್ಗರೆಟ್ ವರ್ದಿಂಗ್ಟನ್ ಅವರು ನಡುವಿನ ಸುಮಾರು 103 ಕಿಲೋಮೀಟರನ್ನು ಮಾತ್ರ ಆಫಾನ ಕೆಲಸವೆಂದು ಒಪ್ಪುತ್ತಾರೆ.

ನೀವು ಕೈಬಿಟ್ಟಿರುವ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ವೇಲ್ಸಿನ ಗಡಿಯ ಊರಾದ ಚರ್ಕ್ ಬಳಿ ದಿಬ್ಬದೊಳಗಿನ ಹುಲ್ಲುಹೆಂಟೆಗಳ ಮೇಲೆ ರೇಡಿಯೊ ಕಾರ್ಬನ್ ಪರೀಕ್ಷೆ ನಡೆಸಿದಾಗ 430ರಿಂದ 652ರ ನಡುವಿನ ಕಾಲ ದೊರೆಯಿತು. 2014ರಲ್ಲಿ ಇದು ಸುದ್ದಿಯೂ ಆಯಿತು. ಹಾಗೆಂದು ಒಡ್ಡು ಆಫಾನಿಗಿಂತ ಹಳೆಯದೆಂದು ಕೂಡಲೇ ಬರೆದುಬಿಡಬೇಡಿ. ಹೆಂಟೆಯೊಳಗಿನ ಇಂಗಾಲ ಆ ಹುಲ್ಲು, ಬೇರುಗಳು ಬದುಕಿದ್ದ ಕಾಲವನ್ನು ತಿಳಿಸುತ್ತದೆ. ಆ ಮಣ್ಣನ್ನು ಅಗೆದು ದಿಬ್ಬಕ್ಕೆ ಸುರಿದದ್ದು ಎಷ್ಟೋ ತಲೆಮಾರುಗಳ ನಂತರವೂ ಇರಬಹುದು. ಒಡ್ಡಿನ ಕೆಲವು ಭಾಗಗಳು ಮೊದಲೇ ಇದ್ದು, ಆಫಾ ಅವುಗಳನ್ನು ಜೋಡಿಸಿ ಬೆಳೆಸಿದನೆಂಬ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಲೇಖನದ ತಿರುಳು ಇಲ್ಲಿದೆ. ಒಂದು ಪುಟ ಪೂರ್ತಿ ಇದಕ್ಕೇ ಕೊಡಿ.

ಉದ್ದೇಶದ ಬಗ್ಗೆಯೂ ನೆಲ ಹೇಳುವಷ್ಟನ್ನೇ ಹೇಳಿ. ಕಂದಕವಿರುವುದು ಪಶ್ಚಿಮಕ್ಕೆ, ಅಂದರೆ ವೇಲ್ಸಿನ ಬದಿಗೆ. ಹಲವೆಡೆ ಒಡ್ಡಿನ ಮೇಲಿನಿಂದ ಪಶ್ಚಿಮದ ಕಣಿವೆಗಳು ದೂರದವರೆಗೂ ಕಾಣುತ್ತವೆ. ಕಟ್ಟಿಸಿದವರು ಯಾರತ್ತ ನೋಡುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಆದರೆ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯುದ್ದಕ್ಕೂ ಇರುವಂತಹ ಕಾವಲು ಕೋಟೆಗಳು ಇಲ್ಲಿ ಸಿಕ್ಕಿಲ್ಲ. ಗಡಿಯ ಗುರುತು, ದನಗಳ್ಳರಿಗೆ ಅಡ್ಡಿ, ಅರಸನ ಬಲದ ಪ್ರದರ್ಶನ ಎಂಬ ಮೂರು ವಾದಗಳೂ ಆದ್ದರಿಂದಲೇ ಉಳಿದುಕೊಂಡಿವೆ. ನಿಮಗೆ ಯಾವುದು ಹೆಚ್ಚು ಒಪ್ಪಿಗೆಯೋ ಅದನ್ನು ನಿಮ್ಮ ಅಭಿಪ್ರಾಯವೆಂದೇ ತಿಳಿಸಿ, ಕಾರಣ ಕೊಡಿ. ಕೊನೆಯಲ್ಲಿ ಬರುವ, ಯಾವ ದಾಖಲೆಯ ಆಧಾರವೂ ಇಲ್ಲದ ಯುದ್ಧವರ್ಣನೆಯನ್ನು ಪೂರ್ತಿ ತೆಗೆದು, ತಿದ್ದಿದ ಪ್ರತಿಯನ್ನು ದಯವಿಟ್ಟು ಮತ್ತೆ ಕಳುಹಿಸಿ.

ಇಂತಿ,
ಸಂಪಾದಕ