ಪ್ರತಿಕ್ರಿಯೆ: ಡಿಂಗಿಯೈ ಮರದ ಗಾಯ ಮಾಯುವುದು ಪ್ರೇಕ್ಷಕರಿಗೆ ತಿಳಿಯದಿದ್ದರೆ
ಡಿಂಗಿಯೈ ಅನ್ನೋ ದೈತ್ಯ ಮರದ ಖಾಸಿ ಬುಡಕಟ್ಟಿನ ಕಥೆಯನ್ನು ಮಾತಿಲ್ಲದೆ ಆಡುವಾಗ, ಹಗಲು ಜನ ಕಡಿದ ಮರ ರಾತ್ರಿ ಹುಲಿ ಗಾಯ ನೆಕ್ಕಿದ್ದರಿಂದ ಮತ್ತೆ ಕೂಡಿಕೊಳ್ಳುವುದು ಯಾರಿಗೂ ಗೊತ್ತಾಗ್ತಿಲ್ಲ ಅಂದಿದ್ದೀರಿ. ನಟರು ಇಲ್ಲದ ಕೊಡಲಿ ಬೀಸುತ್ತಿರುವುದೇ ಕಾರಣ ಇರಬೇಕು. ಎಲ್ಲರ ಕಣ್ಣು ಆ ಕೈಗಳ ಮೇಲೆ, ಮರವನ್ನು ನೋಡುವವರೇ ಇಲ್ಲ.

ಮೊದಲು ಆ ಅಭಿನಯ ಬಿಡಿ. ಮೂವರು ಮರವಾಗಿ ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬರ ಭಾರ ಇನ್ನೊಬ್ಬರ ಮೇಲೆ ನಿಜವಾಗಿ ಬೀಳುವ ಹಾಗೆ ನಿಲ್ಲಲಿ. ಒಂದೊಂದು ಏಟಿಗೆ ಒಂದೊಂದು ಕೀಲು ಸಡಿಲವಾಗಲಿ: ಮೊಣಕಾಲು, ಸೊಂಟ, ಹೆಗಲು. ಆಮೇಲೆ ಹುಲಿ. ನೆಕ್ಕುವುದನ್ನು ನಾಲಿಗೆಯಲ್ಲಿ ತೋರಿಸಬೇಡಿ, ನಗು ಬರುತ್ತದೆ. ಹುಲಿಯ ತಲೆ ಸವರಿದಂತೆ ಕೀಲುಗಳು ಹೆಗಲಿನಿಂದ ಮೊಣಕಾಲಿನ ಕಡೆಗೆ ಒಂದೊಂದಾಗಿ ನೆಟ್ಟಗಾಗಲಿ. ಇದೇ ಚಲನೆ ಮೂರು ಸಲ, ಒಂಚೂರೂ ಬದಲಿಲ್ಲದೆ. ಬದಲಾಗಬೇಕಾದದ್ದು ಕಡಿಯುವವರ ಉಸಿರು ಮಾತ್ರ.

ಅಂದಹಾಗೆ, ಹುಲಿವೇಷದ ಹೆಜ್ಜೆ ಬೇಡ. ಕಥೆ ಮೇಘಾಲಯದ್ದು, ಜನ ಸೀದಾ ಮಂಗಳೂರಿಗೆ ಹೋಗಿಬಿಡುತ್ತಾರೆ.

ಪುಟ್ಟ ಹಕ್ಕಿ ಹುಲಿಯ ಗುಟ್ಟು ಹೇಳಿದ ಮೇಲೆ, ನೆಕ್ಕಲು ಬಂದ ಹುಲಿಯ ನಾಲಿಗೆ ಕುಯ್ಯಲಿ ಅಂತ ಗಾಯದಲ್ಲಿ ಕೊಡಲಿಯ ಅಲಗನ್ನು ಹೊರಮುಖವಾಗಿ ಇಡುತ್ತಾರಲ್ವಾ, ಅಲ್ಲಿ ಮಾತ್ರ ನಿಜವಾದ ಕೊಡಲಿ ತನ್ನಿ, ಮೊಂಡಾದದ್ದು. ಅಲ್ಲಿಯವರೆಗೆ ರಂಗದ ಮೇಲೆ ಯಾವ ವಸ್ತುವೂ ಬೇಡ.

ಮರ ಬಿಸಿಲನ್ನೇ ಮುಚ್ಚಿತ್ತು, ಅದಕ್ಕೇ ಕಡಿಯುವುದು. ಹಾಗಾಗಿ ದೀಪ ಮರದ ಹಿಂದಿರಲಿ, ನೆರಳು ಪ್ರೇಕ್ಷಕರ ಮೇಲೆ ಬೀಳಲಿ. ಚಿಕ್ಕ ಹಾಲ್‌ನಲ್ಲಿ ಅದು ಸಾಲುತ್ತೋ ಇಲ್ವೋ, ರಿಹರ್ಸಲ್‌ನಲ್ಲೇ ನೋಡಬೇಕು.