ಆಫೀಸ್ ಪಾರ್ಟಿಯಲ್ಲಿ ಕುಡಿತ: ಕಂಪನಿಗೆ ಹೊಣೆ ಇಲ್ವಾ?

ಪ್ರಶ್ನೆ: ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ನಾನು ಎಚ್‌ಆರ್. ವರ್ಷದ ಕೊನೆಗೆ ರೆಸಾರ್ಟ್‌ನಲ್ಲಿ ಪಾರ್ಟಿ ಇದೆ, ಡ್ರಿಂಕ್ಸ್ ಕೂಡ ಇದೆ. ‘ಆಫೀಸ್ ಟೈಮ್ ಮುಗಿದ ಮೇಲೆ ಏನಾದರೂ ಆದರೆ ಅದು ಅವರವರ ತಲೆನೋವು’ ಅಂತಾರೆ ಬಾಸ್. ಸರೀನಾ?

ಉತ್ತರ: ಖಂಡಿತ ಸರಿಯಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಜಾಗ ಅಂದರೆ ಆಫೀಸಿನ ನಾಲ್ಕು ಗೋಡೆ ಮಾತ್ರ ಅಲ್ಲ. ಕೆಲಸದ ನಿಮಿತ್ತ ಹೋಗುವ ಜಾಗ, ಕಂಪನಿಯೇ ಕೊಟ್ಟ ಗಾಡಿ, ಎಲ್ಲವೂ ಅದರೊಳಗೆ ಬರುತ್ತವೆ. ಪಾರ್ಟಿಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, ‘ಕುಡಿದಿದ್ದ, ಬಿಟ್ಟುಬಿಡಿ’ ಅಂತ ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ದೂರು ಬಂದರೆ ಆಂತರಿಕ ಸಮಿತಿ ವಿಚಾರಣೆ ಮಾಡಲೇಬೇಕು.

ಇನ್ನು ಗಾಡಿ ವಿಷಯ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಸಿಕ್ಕರೆ ಮೊದಲ ಸಲವೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕೇಸು ಓಡಿಸಿದವರ ಮೇಲೆ ಬೀಳುತ್ತೆ, ನಿಜ. ಆದರೆ ಕುಡಿಸಿದವರು ನೀವೇ ಅಲ್ವಾ? ಹಾಗಾಗಿ ಎಲ್ಲರಿಗೂ ಮನೆತನಕ ಕ್ಯಾಬ್ ಮಾಡಿ, ಬೈಕ್ ತರಬೇಡಿ ಅಂತ ಮೊದಲೇ ಹೇಳಿ. ಊಟ ಬೇಗ ಹಾಕಿಸಿ, ಬಾರ್ ಬೇಗ ಮುಚ್ಚಿಸಿ.

ನನಗೆ ಜಾಸ್ತಿ ಸಿಟ್ಟು ಬರುವುದು ಬಲವಂತದ ಬಗ್ಗೆ. ಮ್ಯಾನೇಜರ್ ತಾನೇ ಗ್ಲಾಸ್ ಹಿಡಿದು ಬಂದು ‘ಒಂದೇ ಪೆಗ್ ರೀ, ನನಗೋಸ್ಕರ’ ಅಂದರೆ, ಮೊನ್ನೆ ಸೇರಿದ ಹುಡುಗ ಬೇಡ ಅನ್ನೋದು ಹೇಗೆ, ಮುಂದಿನ ತಿಂಗಳು ಅಪ್ರೈಸಲ್ ಬರೆಯುವವರೂ ಅವರೇ ಆಗಿರುವಾಗ? ಇದನ್ನು ಬಾಸ್‌ಗೆ ಪಾರ್ಟಿಗೆ ಮೊದಲೇ, ಮೇಲ್‌ನಲ್ಲಿ ಬರೆದು ತಿಳಿಸಿ.