ನಾಲ್ಕು ಇಂಚಿನ ಬದು

ಟಿಳಕವಾಡಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ನಿವೃತ್ತ ಗಣಿತ ಮಾಸ್ತರರು ಎಂದಷ್ಟೇ ಹೇಳುತ್ತೇನೆ. ಪತ್ರದ ಲೆಕ್ಕ ನೋಡಿದರೆ ಅದು ಹೇಗೂ ಗೊತ್ತಾಗುತ್ತದೆ.

"ಹೋದ ತಿಂಗಳು ಬೆಂಗಳೂರಿನಿಂದ ಬೆಳಗಾವಿಗೆ ವಿಮಾನದಲ್ಲಿ ಬಂದೆ. ಪಕ್ಕದಲ್ಲಿ ಬಹಳ ದಪ್ಪ ಮನುಷ್ಯ. ನಡುವಿನ ಆರ್ಮ್‌ರೆಸ್ಟ್ ಮೇಲೆತ್ತಿಯೇ ಕೂತರು. ಅವರ ತೊಡೆ, ತೋಳು ಎರಡೂ ನನ್ನ ಸೀಟಿನಲ್ಲಿ. ಟಿಕೆಟ್ಟಿಗೆ 5,100 ರೂಪಾಯಿ ಕೊಟ್ಟಿದ್ದೆ. ಸೀಟಿನ ಅಗಲ 17 ಇಂಚು. ಅಂದರೆ ಇಂಚಿಗೆ 300 ರೂಪಾಯಿ. ನನ್ನ ನಾಲ್ಕು ಇಂಚು ಹೋಯಿತು. ಆ 1,200 ರೂಪಾಯಿ ನನಗೆ ಯಾರು ಕೊಡುತ್ತಾರೆ? ಚೀಲ 15 ಕಿಲೊ ದಾಟಿದರೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ನಾನು 58 ಕಿಲೊ, ಆ ಮನುಷ್ಯ ನನ್ನ ಎರಡರಷ್ಟು. ಮನುಷ್ಯರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಕದ ಪ್ರಕಾರ ಟಿಕೆಟ್ ಮಾಡಿದರೆ ತಪ್ಪೇನು? ಬರುವ ತಿಂಗಳು ಮಗಳ ಮನೆಗೆ ದಿಲ್ಲಿಗೆ ಹೋಗುವುದಿದೆ. ಮತ್ತೆ ಇದೇ ಗತಿಯಾದರೆ ಏನು ಮಾಡಲಿ?"

ಮಾಸ್ತರರೇ, ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನನ್ನ ತೂಕ 112 ಕಿಲೊ. ನಿಮ್ಮ ಎರಡರಷ್ಟಕ್ಕೆ ನಾಲ್ಕೇ ಕಿಲೊ ಕಮ್ಮಿ. ನಿಮ್ಮ ಪಕ್ಕ ಕೂತಿದ್ದವನು ನಾನಲ್ಲ, ಹೋದ ತಿಂಗಳು ನಾನು ಊರು ಬಿಟ್ಟಿಲ್ಲ. ಆದರೂ ಪತ್ರ ಓದುವಾಗ ಒಮ್ಮೆ ಎದೆ ಧಸಕ್ಕೆಂದಿದ್ದು ನಿಜ. ಈ ಉತ್ತರವನ್ನು ಎದುರು ಪಕ್ಷದವನ ಹೇಳಿಕೆ ಅಂತ ಓದಿಕೊಂಡರೂ ನನಗೆ ಬೇಜಾರಿಲ್ಲ.

ಮೊದಲ ಸಲ ಸಾಂಬ್ರಾದಲ್ಲಿ ವಿಮಾನ ಹತ್ತಿದಾಗ ನನಗೆ ಕಿಟಕಿ ಸೀಟು ಸಿಕ್ಕಿತ್ತು. ಖುಷಿಯಿಂದ ಕೂತೆ. ಕೂತೆ ಅನ್ನುವುದಕ್ಕಿಂತ ತುರುಕಿಕೊಂಡೆ ಅನ್ನಬೇಕು. ಬೆಲ್ಟ್ ಎಳೆದರೆ ಎರಡು ತುದಿಗಳ ನಡುವೆ ನಾಲ್ಕು ಬೆರಳು ಅಂತರ. ಹೊಟ್ಟೆ ಒಳಗೆಳೆದು ಉಸಿರು ಬಿಗಿ ಹಿಡಿದೆ, ಎರಡು ಬೆರಳಿಗೆ ಬಂತು. ಅಷ್ಟೇ. ಗಗನಸಖಿ ಒಂದೊಂದೇ ಸಾಲು ನೋಡುತ್ತಾ ಬರುತ್ತಿದ್ದರು. ಕೇಳೋಣ ಅಂದರೆ ನಾಲಿಗೆ ಏಳಲಿಲ್ಲ. ತುದಿಗಳನ್ನು ಹೊಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟು, ಅದರ ಮೇಲೆ ಪೇಪರ್ ಹರಡಿಕೊಂಡು ಅಗ್ರಲೇಖನ ಓದುವವನ ಹಾಗೆ ತಲೆ ಬಗ್ಗಿಸಿದೆ. ಅವರು ಮುಂದೆ ಹೋದರು. ಐವತ್ತು ದಾಟಿದ ಮನುಷ್ಯ, ಊರಿಗೆಲ್ಲ ಬುದ್ಧಿ ಹೇಳುವ ಸಂಪಾದಕ, ಬೆಲ್ಟ್ ಹಾಕದೇ ಬೆಂಗಳೂರು ಮುಟ್ಟಿದ. ಬೆಲ್ಟಿಗೆ ಜೋಡಿಸುವ ಹೆಚ್ಚುವರಿ ತುಂಡು ವಿಮಾನದಲ್ಲೇ ಇರುತ್ತದೆ, ಕೇಳಿದರೆ ಕೊಡುತ್ತಾರೆ ಅಂತ ನನಗೆ ಗೊತ್ತಾದದ್ದು ಆಮೇಲೆ.

ಪಕ್ಕದಲ್ಲಿ ಬ್ಯಾಂಕ್ ಪರೀಕ್ಷೆಗೆ ಹೊರಟಿದ್ದ ಹುಡುಗ. ತೊಡೆಯ ಮೇಲೆ ಗೈಡ್ ಇಟ್ಟುಕೊಂಡಿದ್ದ. ಪುಟ ತಿರುವಿದಾಗಲೆಲ್ಲ ಅವನ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ಮೂರು ಸಲ ನಾನೇ ಸಾರಿ ಅಂದೆ. ಮೂರನೇ ಸಲ ಅವನು, "ಇರ್ಲಿ ಬಿಡ್ರಿ ಅಂಕಲ್" ಅಂದು ಗೈಡ್ ಮುಚ್ಚಿಟ್ಟ. ನಾನು ಎರಡೂ ತೋಳು ಎದೆಗೆ ಕಟ್ಟಿ, ಕಿಟಕಿಗೆ ಒರಗಿ, ಇಡೀ ದಾರಿ ಕಡ್ಡಿ ಹಾಗೆ ಇದ್ದೆ. ಇಳಿಯುವಾಗ ಎಡಗೈ ಜೋಮು ಹಿಡಿದಿತ್ತು. ಅವನು ಓದಲಿಲ್ಲ, ನಾನು ಕೂರಲಿಲ್ಲ. ಇಬ್ಬರೂ ಪೂರ್ತಿ ದುಡ್ಡು ಕೊಟ್ಟಿದ್ದೆವು.

ಹಾಗಾಗಿ ನಿಮ್ಮ ಲೆಕ್ಕ ನನಗೆ ಅರ್ಥವಾಗುತ್ತದೆ. ಲೆಕ್ಕ ಸರಿಯಿದೆ, 1,200 ರೂಪಾಯಿ ನಿಮಗೆ ಬರಬೇಕು. ಬಾಕಿದಾರ ಯಾರು ಅನ್ನುವಲ್ಲಿ ಮಾತ್ರ ನಮ್ಮಿಬ್ಬರ ತಕರಾರು. ನಮ್ಮ ಕಡೆ ಬದುವಿನ ಜಗಳ ಹೇಗಿರುತ್ತದೆ ನಿಮಗೆ ಗೊತ್ತಲ್ಲ. ಅಳತೆ ಸರಿ ಮಾಡದೇ ಯಾವನೋ ಎರಡು ಹೊಲ ಮಾರಿ ಹೋಗಿರುತ್ತಾನೆ. ಕೊಂಡವರಿಬ್ಬರು ಬದುವಿನ ಮೇಲೆ ಕುಡಗೋಲು ಹಿಡಿದು ನಿಂತಿರುತ್ತಾರೆ. ಮಾರಿದವನು ಪೇಟೆಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. ನೀವು ಮತ್ತು ಆ ದಪ್ಪ ಮನುಷ್ಯ ಜಗಳ ಆಡುತ್ತಿರುವ ಬದು ಆ ಆರ್ಮ್‌ರೆಸ್ಟ್.

ಕಂಪನಿಯವರು ಹೇಳಬಹುದು, ನಾವು ಮಾರಿದ್ದು 17 ಇಂಚು, ಹಿಡಿಸದವರು ಎರಡು ಟಿಕೆಟ್ ತಗೊಳ್ಳಲಿ ಅಂತ. ಸರಿ. ಆದರೆ ಟಿಕೆಟ್ಟಿನ ಮೇಲೆ 17 ಇಂಚು ಅಂತ ಎಲ್ಲಿ ಬರೆದಿದ್ದಾರೆ? ಕೈಚೀಲ 7 ಕಿಲೊ ಅಂತ ಬರೆಯುತ್ತಾರೆ. ಉದ್ದ, ಅಗಲ, ಎತ್ತರ ಸೇರಿ 115 ಸೆಂಟಿಮೀಟರ್ ಅಂತ ಬರೆಯುತ್ತಾರೆ. ಚೀಲದ ಅಳತೆ ಬಾಯಿಪಾಠ ಇದೆ, ಚೀಲ ಹೊತ್ತವನ ಸೀಟಿನ ಅಳತೆ ಮಾತ್ರ ಹುಡುಕಿಕೊಂಡು ಹೋಗಬೇಕು. ನಿಮ್ಮಂಥ ಲೆಕ್ಕದ ಮನುಷ್ಯರು ಹುಡುಕಿದ್ದೀರಿ, ಬೇರೆಯವರು ಹುಡುಕುವುದಿಲ್ಲ.

ಈ 17 ಇಂಚು ಎಲ್ಲಿಂದ ಬಂತು ಅಂತ ನೋಡಿದರೆ ಮಜಾ ಇದೆ. 18 ಇಂಚು ಅಂದರೆ ಒಂದು ಮೊಳ. ಗಣಪತ ಗಲ್ಲಿಯಲ್ಲಿ ಹೂ ಮಾರುವ ಅವ್ವ ಒಂದು ಇಂಚು ಕಮ್ಮಿ ಅಳೆದರೆ ನಾವು ಸುಮ್ನೆ ಬಿಡುತ್ತೇವಾ? ಬೋಯಿಂಗ್ 737 ವಿಮಾನದ ಒಳಗಿನ ಅಗಲ ಸುಮಾರು 139 ಇಂಚು. ಅದರ ಹೊಟ್ಟೆಯ ಅಳತೆಯನ್ನು 1950ರ ದಶಕದಲ್ಲಿ ಮಾಡಿದ 707 ವಿಮಾನದಿಂದ ತಂದದ್ದು. ಆರು ಸೀಟು, ನಡುವೆ ಓಡಾಡುವ ದಾರಿ, ಆರ್ಮ್‌ರೆಸ್ಟ್‌ಗಳು. ಇಷ್ಟನ್ನೂ 139ರಲ್ಲಿ ಕೂರಿಸಿದರೆ ಒಬ್ಬರಿಗೆ 17 ಸಿಗುತ್ತದೆ. ಏರ್‌ಬಸ್ ಎ320 ಏಳು ಇಂಚಿನಷ್ಟು ಅಗಲ ಜಾಸ್ತಿ, ಹಾಗಾಗಿ ಅದರಲ್ಲಿ ಮೊಳ ಪೂರ್ತಿ ಸಿಗುವುದುಂಟು. ಇಲ್ಲಿಯವರೆಗೆ ಯಾರನ್ನೂ ಬೈಯುವ ಹಾಗಿಲ್ಲ. ದೊಡ್ಡ ವಿಮಾನಗಳ ಕಥೆಗೆ ಬಂದಾಗ ನನಗೆ ಸಿಟ್ಟು ಬರುತ್ತದೆ. ಬೋಯಿಂಗ್ 777ರಲ್ಲಿ ಮೊದಲು ಸಾಲಿಗೆ ಒಂಬತ್ತು ಸೀಟು ಇರುತ್ತಿದ್ದವು. ಅದೇ ಹೊಟ್ಟೆಯಲ್ಲಿ ಈಗ ಬಹಳ ಕಂಪನಿಗಳು ಹತ್ತು ತುಂಬುತ್ತವೆ. 787ರಲ್ಲಿ ಎಂಟು ಅಂತ ಶುರುವಾದ ಮಾತು ಒಂಬತ್ತಕ್ಕೆ ನಿಂತಿತು. ವಿಮಾನ ದಪ್ಪಗಾಗಲಿಲ್ಲ, ಕೂರುವವರೂ ಸಣ್ಣಗಾಗಲಿಲ್ಲ. ನಮ್ಮ ದೇಶದ್ದೇ ಹೇಳುವುದಾದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಶೇ 24, ಗಂಡಸರಲ್ಲಿ ಶೇ 22.9 ಮಂದಿ ಇರಬೇಕಾದ್ದಕ್ಕಿಂತ ಜಾಸ್ತಿ ತೂಕದವರು. ನಾನೊಬ್ಬನೇ ಅಲ್ಲ ಮಾಸ್ತರರೇ.

ನಮ್ಮ ರೈಲಿನವರೂ ಒಂದು ಸಲ ಈ ಕೆಲಸಕ್ಕೆ ಕೈ ಹಾಕಿದ್ದರು, ನೆನಪಿದೆಯಾ? 2007ರ ಸುಮಾರಿಗೆ ಸ್ಲೀಪರ್ ಬೋಗಿಯ ಬದಿಯ ಎರಡು ಬರ್ತ್‌ಗಳ ನಡುವೆ ಮೂರನೆಯದೊಂದು ಸೇರಿಸಿದರು. ಅದರಲ್ಲಿ ಮಲಗಿದವರು ಮಗ್ಗಲು ಬದಲಿಸಲಾಗದೆ ಒದ್ದಾಡಿದರು. ಜನ ಎಷ್ಟು ಕೂಗಾಡಿದರೆಂದರೆ ಎರಡು ವರ್ಷದೊಳಗೆ ಅದನ್ನು ಕಿತ್ತು ಹಾಕಬೇಕಾಯಿತು. ಅಲ್ಲಿ ಜನ ಮೇಲಿನ ಬರ್ತಿನವನನ್ನು ಬೈಯಲಿಲ್ಲ, ರೈಲ್ವೆಯನ್ನು ಬೈದರು.

ಅಮೆರಿಕದಲ್ಲಿ ಇದು ಕೋರ್ಟಿಗೂ ಹೋಗಿದೆ. 2017ರಲ್ಲಿ ನ್ಯಾಯಾಧೀಶೆ ಪೆಟ್ರೀಷಿಯಾ ಮಿಲೆಟ್ ಇದನ್ನು "ನಂಬಲಾಗದಷ್ಟು ಕುಗ್ಗುತ್ತಿರುವ ವಿಮಾನ ಸೀಟಿನ ಪ್ರಕರಣ" ಎಂದು ಕರೆದರು. 2018ರಲ್ಲಿ ಸೀಟಿನ ಕನಿಷ್ಠ ಅಳತೆ ಗೊತ್ತು ಮಾಡಿ ಅಂತ ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಿತು. ವಿಮಾನಯಾನ ಇಲಾಖೆ ಒಕ್ಲಹೋಮಾದಲ್ಲಿ ಸುಮಾರು 720 ಜನರನ್ನು ಕೂರಿಸಿ, ಅವಸರದಲ್ಲಿ ಇಳಿಸಿ ನೋಡಿತು. ತುರ್ತಿನಲ್ಲಿ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕು ಅನ್ನುವುದು ನಿಯಮ. ಆದರೆ ಆ ಪರೀಕ್ಷೆಗೆ ಕರೆದವರೆಲ್ಲ 60 ವರ್ಷದೊಳಗಿನವರು, ಆರೋಗ್ಯವಂತರು. ನೀವೂ ಇರಲಿಲ್ಲ, ನಾನೂ ಇರಲಿಲ್ಲ ಅಂದ ಹಾಗಾಯಿತು. ಬೆಂಕಿ ಬಿದ್ದರೆ ನಮ್ಮಿಬ್ಬರಿಗೂ ಅದೇ 90 ಸೆಕೆಂಡು.

ಈಗ ನಿಮ್ಮ ತಕ್ಕಡಿಯ ಮಾತು. ಇದನ್ನು ಮಾಡಿ ನೋಡಿದವರಿದ್ದಾರೆ. 2013ರಲ್ಲಿ ಸಮೋವಾ ಏರ್ ಅನ್ನುವ ಸಣ್ಣ ಕಂಪನಿ ಕಿಲೊ ಲೆಕ್ಕದಲ್ಲಿ ಟಿಕೆಟ್ ಮಾರಿತು. ಮನುಷ್ಯ, ಚೀಲ ಎರಡನ್ನೂ ಸೇರಿಸಿ ತೂಕ. ಅವರದು ಕೈಬೆರಳೆಣಿಕೆಯ ಸೀಟಿನ ಪುಟ್ಟ ವಿಮಾನಗಳು. ಅಂಥದರಲ್ಲಿ ತೂಕ ಅಂದರೆ ಪ್ರಾಣದ ಪ್ರಶ್ನೆ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಇಂಥ ಸಣ್ಣ ವಿಮಾನವೊಂದು ಮೇಲೇರಿದ ಕೂಡಲೇ ಬಿದ್ದು 21 ಜನ ಸತ್ತರು. ರಿಪೇರಿಯಲ್ಲಿ ಆದ ತಪ್ಪು ಒಂದು ಕಾರಣ. ಜನರ ತೂಕವನ್ನು ಹಳೆಯ ಸರಾಸರಿಯ ಮೇಲೆ ಅಂದಾಜು ಮಾಡಿದ್ದು ಇನ್ನೊಂದು. ಅದಾದ ಮೇಲೆ ಆ ಸರಾಸರಿಯನ್ನೇ ಏರಿಸಿದರು. ಹಾಗಾಗಿ ಸುರಕ್ಷತೆಗೆ ತೂಗುತ್ತೇವೆ ಅಂದರೆ ನಾನೇ ಮೊದಲು ಚಪ್ಪಲಿ ಬಿಟ್ಟು ನಿಲ್ಲುತ್ತೇನೆ.

ಆದರೆ ನಿಮ್ಮ ದೂರು ತೂಕದ್ದಲ್ಲವಲ್ಲ, ಅಗಲದ್ದು. ಸೀಟಿನ ಅಳತೆ ಹಿಡಿಯುವುದು ಸೊಂಟದ ಹತ್ತಿರ, ಎರಡು ಆರ್ಮ್‌ರೆಸ್ಟ್‌ಗಳ ನಡುವೆ. ಭುಜ ಅದಕ್ಕಿಂತ ಅಗಲ. ಮೂವರು ಗಟ್ಟಿ ಗಂಡಸರು ಒಂದು ಸಾಲಿನಲ್ಲಿ ಕೂತರೆ ಒಬ್ಬರಲ್ಲೂ ಬೊಜ್ಜು ಇಲ್ಲದಿದ್ದರೂ ಭುಜಕ್ಕೆ ಭುಜ ತಾಗುತ್ತದೆ. ನಮ್ಮ ಗರಡಿಮನೆಯ ಪೈಲ್ವಾನನೊಬ್ಬ ನಿಮ್ಮ ಪಕ್ಕ ಬಂದು ಕೂತಿದ್ದರೆ ಆ ನಾಲ್ಕು ಇಂಚು ಹೇಗೂ ಹೋಗುತ್ತಿತ್ತು. ಆಗ ನೀವು ಪತ್ರ ಬರೆಯುತ್ತಿದ್ದಿರಾ, ಇಲ್ಲ ಯಾವ ತಾಲೀಮು ಅಂತ ಮಾತಿಗೆ ಶುರು ಮಾಡುತ್ತಿದ್ದಿರಾ? ಇದನ್ನು ಕೊಂಕಿಗೆ ಕೇಳುತ್ತಿಲ್ಲ. ನಾನೂ ಮಾತಿಗೇ ಶುರು ಮಾಡುತ್ತಿದ್ದೆ. ಬಾಗಲಕೋಟೆ ಬಸ್ಸಿನಲ್ಲಿ "ಇವರಿಗೆ ಎರಡು ಟಿಕೆಟ್ ಕೊಡ್ರಿ ಕಂಡಕ್ಟರ್" ಅಂತ ನಕ್ಕವರ ಜೊತೆ ನಾನೂ ನಕ್ಕಿದ್ದೇನೆ. ನಗದೇ ಇದ್ದರೆ ಇನ್ನೂ ಜಾಸ್ತಿ ನಗುತ್ತಾರೆ ಅಂತ.

ಹಾಗಾದರೆ ಏನು ಮಾಡಬೇಕು? ನನಗೆ ಹಿಡಿಸಿದ್ದು ಕೆನಡಾದ ದಾರಿ. ದೇಹದ ಗಾತ್ರ ಅಂಗವೈಕಲ್ಯದಷ್ಟು ತೊಡಕಾಗಿರುವವರಿಗೆ ದೇಶದೊಳಗಿನ ಪ್ರಯಾಣದಲ್ಲಿ ಎರಡನೇ ಸೀಟಿಗೆ ದುಡ್ಡು ಕೇಳಬಾರದು ಅಂತ ಅಲ್ಲಿನ ಸಾರಿಗೆ ಪ್ರಾಧಿಕಾರ 2008ರ ಜನವರಿಯಲ್ಲಿ ಆದೇಶ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಬಾಗಿಲು ಬಡಿದವು, ಕೋರ್ಟು ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಖರ್ಚಿನ ಲೆಕ್ಕ ನಿಮಗೆ ಇಷ್ಟವಾಗುತ್ತದೆ: ಅದನ್ನು ಎಲ್ಲರ ಟಿಕೆಟ್ಟಿಗೂ ಹಂಚಿದರೆ ಏರ್ ಕೆನಡಾಗೆ ಟಿಕೆಟ್ಟಿಗೆ 77 ಸೆಂಟ್, ವೆಸ್ಟ್‌ಜೆಟ್‌ಗೆ 44 ಸೆಂಟ್ ಬೀಳುತ್ತದೆ ಅಂತ ಪ್ರಾಧಿಕಾರ ಅಂದಾಜು ಮಾಡಿತ್ತು. ಒಂದು ಡಾಲರ್ ಕೂಡ ಅಲ್ಲ. ನಿಮ್ಮ ಸೀಟೂ ಪೂರ್ತಿ ನಿಮ್ಮದೇ ಉಳಿಯಿತು ನೋಡಿ.

ಅಮೆರಿಕದ ವಿಮಾನ ಕಂಪನಿ ಸೌತ್‌ವೆಸ್ಟ್ ಬಹಳ ವರ್ಷ ಎರಡನೇ ಸೀಟಿನ ದುಡ್ಡನ್ನು ಪ್ರಯಾಣ ಮುಗಿದ ಮೇಲೆ ವಾಪಸ್ ಕೊಡುತ್ತಿತ್ತು. 2026ರ ಜನವರಿ 27ರಿಂದ ಅದನ್ನು ಬಿಗಿ ಮಾಡಿದೆ, ವಿಮಾನದಲ್ಲಿ ಸೀಟು ಖಾಲಿ ಉಳಿದಿದ್ದರೆ ಮಾತ್ರ ವಾಪಸ್. ನಮ್ಮಲ್ಲಿ ಅಷ್ಟಾದರೂ ಶುರುವಾಗಲಿ ಅಂತ ನನ್ನ ಆಸೆ. ಖಾಲಿ ಹೋಗುವ ಸೀಟಿಗೆ ನನ್ನಿಂದ ದುಡ್ಡು ಇಟ್ಟುಕೊಂಡು ಏನು ಮಾಡುತ್ತಾರೆ? ಅಲ್ಲಿಯವರೆಗೆ ನಾನು ದೂರದ ಪ್ರಯಾಣಕ್ಕೆ ಎರಡು ಟಿಕೆಟ್ ತಗೊಳ್ಳುತ್ತೇನೆ, ಅಂದರೆ ದುಡ್ಡಿದ್ದಾಗ. ಇಲ್ಲದಾಗ ರೈಲು. ದುಡ್ಡಿಲ್ಲದ, ತಾಯಿಗೆ ಹುಷಾರಿಲ್ಲ ಅಂತ ರಾತ್ರೋರಾತ್ರಿ ಹೊರಟ ದಪ್ಪ ಮನುಷ್ಯನಿಗೆ ಎರಡು ಟಿಕೆಟ್ ತಗೊಳ್ಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಿಮ್ಮ 1,200 ರೂಪಾಯಿ. ಬೋರ್ಡಿಂಗ್ ಪಾಸ್ ಎಸೆದಿಲ್ಲ ತಾನೇ? ಮೊದಲು ಕಂಪನಿಗೆ ಬರೆಯಿರಿ, ಸೀಟಿನ ನಂಬರು, ತಾರೀಕು ಹಾಕಿ. ಉತ್ತರ ಬರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ಹಾಕಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾನೂನಿನ ಪ್ರಕಾರ ನೀವು ಇರುವ ಊರಿನಲ್ಲೇ, ಬೆಳಗಾವಿಯಲ್ಲೇ, ದೂರು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಗೆಲ್ಲುತ್ತೀರಿ ಅಂತ ನಾನು ಭರವಸೆ ಕೊಡಲಾರೆ. ಆದರೆ ನಿಮ್ಮ ಇಂಚಿಗೆ 300ರ ಲೆಕ್ಕವನ್ನು ಯಾರಾದರೂ ಕಡತದಲ್ಲಿ ಬರೆದುಕೊಳ್ಳಲಿ ಅಂತ ನನಗೂ ಆಸೆಯಿದೆ. ಕೊಡುವುದಾದರೆ ನನ್ನನ್ನು ಸಾಕ್ಷಿಗೆ ಕರೆಯಿರಿ.

ಇನ್ನು ದಿಲ್ಲಿ. ಐಲ್ ಸೀಟು ತಗೊಳ್ಳಿ, ಅಂದರೆ ದಾರಿಯ ಪಕ್ಕದ್ದು. ಒಂದು ಕಡೆಯಾದರೂ ಗಾಳಿ ಆಡುತ್ತದೆ. ಪಕ್ಕದಲ್ಲಿ ನನ್ನಂಥವರು ಬಂದು ಕೂತರೆ ಬಾಗಿಲು ಮುಚ್ಚುವ ಮೊದಲೇ ಎದ್ದು ಹೋಗಿ ಗಗನಸಖಿಗೆ ಮೆಲ್ಲಗೆ ಹೇಳಿ, ಬೇರೆ ಸೀಟು ಖಾಲಿ ಇದೆಯಾ ಅಂತ. ಕೂತಲ್ಲಿಂದ ಕೂಗಿ ಹೇಳಬೇಡಿ, ಆ ಮನುಷ್ಯನಿಗೆ ಕೇಳಿಸುತ್ತದೆ. ಖಾಲಿ ಇದ್ದರೆ ನಿಮ್ಮಿಬ್ಬರಿಗೂ ಲಾಭ. ಇಲ್ಲದಿದ್ದರೆ ದಾರಿಯ ಕಡೆಯ ಆರ್ಮ್‌ರೆಸ್ಟಿನ ಕೆಳಗೆ, ಹಿಂದೆ ಕೀಲಿನ ಹತ್ತಿರ, ಬೆರಳಾಡಿಸಿ ನೋಡಿ. ಬಹಳ ವಿಮಾನಗಳಲ್ಲಿ ಅಲ್ಲೊಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಅದೂ ಮೇಲೇಳುತ್ತದೆ. ವಿಮಾನ ಏರುವಾಗ, ಇಳಿಯುವಾಗ ಕೆಳಗಿರಬೇಕು. ನಡುವಿನ ಎರಡು ತಾಸು ನೀವು ಆ ಕಡೆಗೆ ಎರಡು ಇಂಚು ಸರಿದು ಕೂರಬಹುದು. ತಳ್ಳುವ ಗಾಡಿ ಬಂದಾಗ ಮಾತ್ರ ಮೊಣಕೈ ಜೋಪಾನ.